ಐಪಿಎಲ್‌ನಂಥ ಟಿ20 ಲೀಗ್‌ಗಳಲ್ಲಿ ಆಡುವ ಕ್ರಿಕೆಟಿಗರು ದೇಶಕ್ಕಾಗಿ ಆಡಲೇಬೇಕಾ?

ಆಡಲೇಬೇಕು ಅಂತ ಒತ್ತಾಯ ಮಾಡುವುದು ಸರಿಯಲ್ಲ. ನ್ಯೂಜಿಲೆಂಡಿನ ವೇಗದ ಬೌಲರ್ ಟ್ರೆಂಟ್ ಬೌಲ್ಟ್ 2022ರ ಆಗಸ್ಟ್‌ನಲ್ಲಿ ತಮ್ಮ ದೇಶದ ಕ್ರಿಕೆಟ್ ಮಂಡಳಿಯ ಕೇಂದ್ರ ಒಪ್ಪಂದ (ಸಂಬಳ ಕೊಟ್ಟು ದೇಶಕ್ಕಾಗಿ ಆಡಿಸಿಕೊಳ್ಳುವ ಕರಾರು) ಬಿಟ್ಟರು. ಹೆಂಡತಿ, ಮೂವರು ಗಂಡುಮಕ್ಕಳ ಜೊತೆ ಜಾಸ್ತಿ ಹೊತ್ತು ಇರಬೇಕು, ಲೀಗ್‌ಗಳಲ್ಲೂ ಆಡಬೇಕು ಅನ್ನುವುದು ಅವರ ಕಾರಣ. ವೇಗದ ಬೌಲರ್‌ಗೆ ಆಡಲು ಸಿಗುವ ವರ್ಷಗಳೇ ಕಡಿಮೆ ಅಂತಲೂ ಹೇಳಿದರು. ನಿಜ ತಾನೇ? ಟೆಸ್ಟ್‌ನಲ್ಲಿ ದಿನಕ್ಕೆ 20 ಓವರ್ ಹಾಕಿದರೆ ಬೆನ್ನು, ಮಂಡಿ ಎಷ್ಟು ಕಾಲ ತಡೆದಾವು? ಟಿ20ಯಲ್ಲಿ ಹೆಚ್ಚೆಂದರೆ 4 ಓವರ್.

ಮಂಡಳಿ ಹಟ ಹಿಡಿಯದೆ ಒಪ್ಪಿತು. ಆದರೆ ಆಯ್ಕೆಯಲ್ಲಿ ಒಪ್ಪಂದ ಇರುವವರಿಗೇ ಆದ್ಯತೆ ಅಂದಿತು. ಅದೂ ನ್ಯಾಯವೇ ಅಲ್ವಾ? ಆಮೇಲೂ ಬೌಲ್ಟ್ 2023ರ ವಿಶ್ವಕಪ್ ಆಡಿದರು.

ಒಪ್ಪಂದಕ್ಕೆ ಸಹಿ ಹಾಕಿ, ಸಂಬಳ ತೆಗೆದುಕೊಂಡು, ಸರಣಿ ಬಂದಾಗ ಸುಮ್ನೆ ನೆಪ ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.