ಕಲೆಯನ್ನೂ ನಗರ ಯೋಜನೆಯನ್ನೂ ಒಟ್ಟಿಗೆ ಓದಬಹುದಾ?

ಪ್ರಶ್ನೆ: ಅಕ್ಕಾ, ಮೈಸೂರಿನಲ್ಲಿ ನಾಲ್ಕು ವರ್ಷದ ಬಿ.ಎಫ್.ಎ. (ಚಿತ್ರಕಲೆಯಂಥ ಲಲಿತಕಲೆಗಳ ಪದವಿ) ಮುಗಿಸಿದ್ದೇನೆ. ಎರಡು ವರ್ಷದಿಂದ ಇಲ್ಲಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ರಸ್ತೆ, ಪಾರ್ಕು, ಬಸ್‌ಸ್ಟ್ಯಾಂಡಿನಂಥ ಕಡೆ ಕಲಾಕೃತಿ ಇಡುವ ಕೆಲಸವನ್ನು, ಅಂದರೆ ಪಬ್ಲಿಕ್ ಆರ್ಟ್ ಕ್ಯುರೇಶನ್ ಅನ್ನು, ಓದುವ ಆಸೆ. ನಗರ ಯೋಜನೆಯನ್ನೂ ಸೇರಿಸಿ ಜೋಡಿ ಸ್ನಾತಕೋತ್ತರ ಪದವಿ ಅಮೆರಿಕದಲ್ಲಿ ಇದೆಯಂತೆ. ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಅಂತಾರೆ ಅಪ್ಪಯ್ಯ. ಏನು ಮಾಡಲಿ?
– ಓದುಗಿ, ಶಿರಸಿ

ಉತ್ತರ: ತಂಗೀ, ಎರಡನ್ನೂ ಓದು. ನಗರ ಯೋಜನೆಯ ಕೆಲಸದಲ್ಲೇ ನಿವೃತ್ತಳಾಗಿ ಈಗ ಕಾರವಾರದಲ್ಲಿರುವ ನಾನು ಇದನ್ನು ಯೋಚಿಸಿಯೇ ಹೇಳುತ್ತಿದ್ದೇನೆ.

ನಮ್ಮ ಊರುಗಳಲ್ಲಿ ಕಲಾವಿದರನ್ನು ಕರೆಯುವುದೇ ಕೊನೆಗೆ. ಟೆಂಡರ್ ಆಗಿರುತ್ತದೆ, ಸರ್ಕಲ್ಲಿನ ಕಟ್ಟೆಗೆ ಕಾಂಕ್ರೀಟ್ ಬಿದ್ದಿರುತ್ತದೆ. ಆಮೇಲೆ ‘ಇಷ್ಟು ಅಡಿ ಎತ್ತರದ ಮೂರ್ತಿ ಬೇಕು’ ಎಂದು ಫೋನು. ಒಂದು ಊರಲ್ಲಿ ಚೆಂದದ ಶಿಲ್ಪ ನಿಂತ ಮೇಲೆ ಅದರ ಮೂತಿಗೇ ಹೈಮಾಸ್ಟ್ ದೀಪದ ಕಂಬ ಬಂತು. ಕಬ್ಬಿಣಕ್ಕೆ ಉಪ್ಪುಗಾಳಿಯಿಂದ ತುಕ್ಕು ಹಿಡಿಯಿತು. ಬಣ್ಣ ಹೊಡೆಸೋಣ ಎಂದರೆ ಎಸ್ಟಿಮೇಟಿನಲ್ಲಿ ನಿರ್ವಹಣೆ ಎಂಬ ಸಾಲೇ ಇರಲಿಲ್ಲ. ಆ ಸಾಲು ಬರೆಯುವ ಹೊತ್ತಿಗೆ ಕಲೆ ಬಲ್ಲವರೊಬ್ಬರು ಟೇಬಲ್ಲಿನ ಮುಂದೆ ಕೂತಿರಬೇಕಿತ್ತು.

ನಿಮ್ಮೂರ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ಹತ್ತಿರ ಹೋಗಿ ನೋಡು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ. ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಒಣಗಿದ ಮೇಲೆ ಬಂದ ಚಿತ್ರಗಾರನಿಗೆ ಅಲ್ಲಿ ಕೆಲಸವಿಲ್ಲ. ಗಾರೆಯವನೂ ಚಿತ್ರಗಾರನೂ ಒಂದೇ ಹೊತ್ತಿಗೆ ಗೋಡೆಯ ಮುಂದೆ ಇರಲೇಬೇಕು. ನೀನು ಓದಲು ಹೊರಟಿರುವುದೂ ಇದನ್ನೇ.

ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡದ ಖರ್ಚಿನಲ್ಲಿ ಶೇ. 1ರಷ್ಟನ್ನು ಕಲೆಗೆ ಇಡಬೇಕೆಂದು ನಿಯಮ ಮಾಡಿತು. ಆಮೇಲೆ ಎಷ್ಟೋ ನಗರಗಳು ಅದೇ ದಾರಿ ಹಿಡಿದವು. ಅಂಥ ಹಣ ಎಲ್ಲಿ, ಹೇಗೆ ಖರ್ಚಾಗಬೇಕು ಎಂದು ಹೇಳಲು ಎರಡೂ ಗೊತ್ತಿರುವವರು ಬೇಕು. ನಮ್ಮಲ್ಲಿ ದೆಹಲಿಗೆ 1973ರ ಕಾಯ್ದೆಯಡಿ ನಗರ ಕಲಾ ಆಯೋಗವೇ ಇದೆ.

ಯೋಜನೆ ಓದದ ಕಲಾವಿದೆಗೆ ನಕ್ಷೆ ಓದಲು ಬರುವುದಿಲ್ಲ, ಅದು ದೊಡ್ಡ ತೊಡಕು. ಆದರೆ ನಕ್ಷೆಯನ್ನಷ್ಟೇ ಓದಿದವರ ಕಣ್ಣಿಗೂ ಎಷ್ಟೋ ಬೀಳುವುದಿಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಹಳೆಯ ಯುದ್ಧನೌಕೆ ನಿಲ್ಲಿಸಿದ್ದಾರೆ, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಈ ತೀರ ಮೀನುಗಾರರದ್ದೂ ಹೌದು. ದೋಣಿ ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ಮರಳು ಬೇಕು. ನಕ್ಷೆಯಲ್ಲಿ ಅದೆಲ್ಲ ಖಾಲಿ ಜಾಗ! 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದದ್ದು ಸುಮ್ನೆ ಅಲ್ಲ. ಅಲ್ಲೊಂದು ಕಲಾಕೃತಿ ಇಡುವವರು ಮೊದಲು ಮೀನು ಒಣಗಿಸುವ ಹೆಂಗಸರ ಹತ್ತಿರ ಕೂತು ಮಾತಾಡಬೇಕು.

ಇನ್ನು ದಾರಿ. ನಮ್ಮಲ್ಲಿ ಎಂ.ಪ್ಲಾನ್‌ಗೆ, ಅಂದರೆ ಯೋಜನೆಯ ಸ್ನಾತಕೋತ್ತರ ಪದವಿಗೆ, ಸಾಮಾನ್ಯವಾಗಿ ಬಿ.ಆರ್ಕ್, ಬಿ.ಪ್ಲಾನ್, ಸಿವಿಲ್ ಇಂಜಿನಿಯರಿಂಗ್ ಅಥವಾ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಎಂ.ಎ. ಕೇಳುತ್ತಾರೆ. ಬರೀ ಬಿ.ಎಫ್.ಎ. ಇದ್ದರೆ ಕಷ್ಟ. ಅಮೆರಿಕದಲ್ಲಿ ಹೆಚ್ಚಿನ ಕಡೆ ಯಾವ ಪದವಿಯಾದರೂ ನಡೆಯುತ್ತದೆ, ನಿನ್ನದು ನಾಲ್ಕು ವರ್ಷದ ಪದವಿ ಎಂಬುದು ಅಲ್ಲಿ ಅನುಕೂಲಕ್ಕೇ ಬರುತ್ತದೆ. ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಜೋಡಿ ಪದವಿಯನ್ನು ರೂಪಿಸಿದ ಕಡೆಗಳಲ್ಲೊಂದು. ಇಂಥ ಜೋಡಿ ಕೋರ್ಸಿಗೆ ಸಾಮಾನ್ಯವಾಗಿ ಎರಡೂ ವಿಭಾಗಗಳು ಬೇರೆ ಬೇರೆಯಾಗಿ ಸೀಟು ಕೊಡಬೇಕು. ಕೆಲವು ವಿಷಯ ಎರಡಕ್ಕೂ ಲೆಕ್ಕಕ್ಕೆ ಬರುವುದರಿಂದ ಬಿಡಿಬಿಡಿಯಾಗಿ ಓದುವುದಕ್ಕಿಂತ ಬೇಗ ಮುಗಿಯುತ್ತದೆ.

ಖರ್ಚು ಮಾತ್ರ ಜಾಸ್ತಿ, ಅಪ್ಪಯ್ಯನ ಆತಂಕ ಸರಿಯೇ. ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ನೆರವು ಕೊಡುವ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ ನೋಡು. ಕಲೆ-ಸಂಸ್ಕೃತಿ ನಿರ್ವಹಣೆ ಮತ್ತು ನಗರ ಯೋಜನೆ ಎರಡೂ ಅದರ ವಿಷಯಪಟ್ಟಿಯಲ್ಲಿ ಇದ್ದವು. ಈ ಸಲದ ಪ್ರಕಟಣೆಯನ್ನು ತಪ್ಪದೆ ಓದು. ಅದಕ್ಕೆ ಕನಿಷ್ಠ ಮೂರು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ನಿನಗಿನ್ನೂ ಒಂದು ವರ್ಷ ಬೇಕು.

ಆ ವರ್ಷವನ್ನು ಶಿರಸಿಗೇ ಕೊಡು. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ದೇವಿ ಕೂರುವ ಬಿಡಕಿಬೈಲಿನ ನಕ್ಷೆ ಬಿಡಿಸು. ಜಾತ್ರೆಯಲ್ಲಿ ಜನ ಎಲ್ಲಿಂದ ಬರುತ್ತಾರೆ, ನೆರಳು ಎಲ್ಲಿ, ಬಾಕಿ ದಿನ ಅದೇ ಜಾಗದಲ್ಲಿ ಯಾರ ವ್ಯಾಪಾರ? ಹೋಳಿಯ ಬೇಡರ ವೇಷ ಯಾವ ಬೀದಿಗಳಲ್ಲಿ ಕುಣಿಯುತ್ತದೆ, ಜನ ಯಾವ ಜಗಲಿ ಹತ್ತಿ ನೋಡುತ್ತಾರೆ? ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕ್ ಮತ್ತು ಪೀಣ್ಯ ಮೆಟ್ರೋ ನಿಲ್ದಾಣಗಳಲ್ಲಿ ಅಲ್ಲಿನ ಕಲೆ-ವಿನ್ಯಾಸದ ಕಾಲೇಜಾದ ಸೃಷ್ಟಿ ಸಂಸ್ಥೆಯವರು ಮಾಡಿದ ಕಲೆಯನ್ನೂ ನೋಡಿ ಬಾ. ನಿನ್ನ ಅರ್ಜಿಗೆ ಈ ನಕ್ಷೆ, ಚಿತ್ರ, ಟಿಪ್ಪಣಿಗಳಷ್ಟು ಬಲ ಬೇರೆ ಯಾವುದೂ ಕೊಡುವುದಿಲ್ಲ.

ಸಾಲಕ್ಕೆ ಸಹಿ ಹಾಕುವ ಮೊದಲು ಆ ವಿಭಾಗಗಳಿಗೇ ಪತ್ರ ಬರೆ. ಓದಿ ಹೋದವರು ಈಗ ಎಲ್ಲಿ, ಯಾವ ಕೆಲಸದಲ್ಲಿದ್ದಾರೆ ಎಂದು ಕೇಳು. ಬಂದ ಉತ್ತರವನ್ನು ಅಪ್ಪಯ್ಯನಿಗೂ ತೋರಿಸು.