ಸ್ವಿಫ್ಟ್‌ಗೆ 17 ಇಂಚಿನ ಅಲಾಯ್ ಹಾಕಿಸಬೇಕು, ಯಾವ ಸೈಜಿನ ಟೈರ್ ತಗೊಳ್ಳಲಿ?

ನಿಮ್ಮದು ಸ್ವಿಫ್ಟ್ ವಿಎಕ್ಸ್‌ಐ, ಈಗಿರುವುದು 165/80 ಆರ್14 ಟೈರ್. ಅಂಗಡಿಯವರು 17 ಇಂಚಿನ ಅಲಾಯ್‌ಗೆ 205/50 ಆರ್17 ಹಾಕಿಕೊಡುತ್ತೇವೆ ಎಂದಿದ್ದಾರೆ, ಸರಿಹೋಗುತ್ತಾ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ಇದೇ ಸೈಜನ್ನು ನನ್ನ ಸ್ವಿಫ್ಟ್‌ಗೆ ಹಾಕಿಸಿ ಏಳು ತಿಂಗಳು ಓಡಿಸಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಟೈರ್ ಮೇಲಿನ ಅಂಕಿ. 165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 14 ಅಂದರೆ ರಿಮ್ ಎಷ್ಟು ಇಂಚು ಅಂತ. ನಡುವೆ 80 ಇದೆಯಲ್ಲ, ಎಡವುವುದು ಅಲ್ಲೇ. ಅದು ಮಿಲಿಮೀಟರ್ ಅಲ್ಲ, ಪರ್ಸೆಂಟ್. 165ರ 80 ಪರ್ಸೆಂಟ್, ಅಂದರೆ 132 ಮಿ.ಮೀ., ಟೈರಿನ ಸೈಡ್‌ವಾಲ್, ಅಂದರೆ ರಿಮ್ಮಿನ ಅಂಚಿನಿಂದ ನೆಲಕ್ಕೆ ತಾಗುವ ಭಾಗದವರೆಗಿನ ಪಕ್ಕದ ರಬ್ಬರ್ ಗೋಡೆಯ ಎತ್ತರ. ರಿಮ್ಮಿನ ಮೇಲೊಂದು, ಕೆಳಗೊಂದು, ಒಟ್ಟು 264. ಒಂದು ಇಂಚಿಗೆ 25.4ರಂತೆ ರಿಮ್ಮಿನ 14 ಇಂಚು ಅಂದರೆ 355.6. ಎರಡನ್ನೂ ಕೂಡಿದರೆ ಹತ್ತಿರ ಹತ್ತಿರ 620 ಮಿ.ಮೀ. ನಿಮ್ಮ ಚಕ್ರದ ಒಟ್ಟು ಎತ್ತರ ಇದು. ಸ್ಪೀಡೋಮೀಟರ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ), ಗೇರ್, ಮಡ್‌ಗಾರ್ಡ್ ಒಳಗಿನ ಜಾಗ, ಎಲ್ಲವನ್ನೂ ಕಂಪನಿಯವರು ಈ ಎತ್ತರ ನೋಡಿಯೇ ಹೊಂದಿಸಿರುತ್ತಾರೆ. ರಿಮ್ ದೊಡ್ಡದು ಮಾಡಿದರೆ ಸೈಡ್‌ವಾಲ್ ಅಷ್ಟೇ ಕಡಿಮೆಯಾಗಬೇಕು. ಒಟ್ಟು ಎತ್ತರ ಮಾತ್ರ ಅಲ್ಲಾಡಬಾರದು.

ಈಗ 205/50 ಆರ್17 ಲೆಕ್ಕ ಹಾಕಿ. ಸೈಡ್‌ವಾಲ್ 102.5ರಂತೆ ಎರಡು ಸಲ 205, ರಿಮ್ 431.8, ಒಟ್ಟು 636.8. ನಿಮ್ಮದಕ್ಕಿಂತ 17 ಮಿ.ಮೀ. ಜಾಸ್ತಿ, ಹೆಚ್ಚುಕಡಿಮೆ 2.8 ಪರ್ಸೆಂಟ್. ಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ 2 ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಅದು ದೊಡ್ಡ ವಿಷಯವೇ ಅಲ್ಲ ಅನ್ನಬಹುದು. ಆದರೆ ಟೈರ್ 40 ಮಿ.ಮೀ. ಅಗಲವೂ ಆಗಿದೆ, ಅಲ್ವಾ? ಅಗಲ, ಎತ್ತರ ಎರಡೂ ಒಟ್ಟಿಗೆ ಬೆಳೆದಾಗ ತೊಂದರೆ ಶುರು.

ನನಗೆ ಊರೊಳಗೆ ಏನೂ ಗೊತ್ತಾಗಲಿಲ್ಲ. ಇಬ್ಬರೇ ಕೂತು ಓಡಾಡುತ್ತಿದ್ದೆವು, ಗಾಡಿ ನೋಡಲು ಚೆನ್ನಾಗಿತ್ತು, ಕೇಳಿದವರಿಗೆಲ್ಲ ಖುಷಿಯಿಂದ ಹೇಳುತ್ತಿದ್ದೆ. ಆಮೇಲೆ ಮನೆಯವರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೊರಟೆವು. ಐದು ಜನ, ಡಿಕ್ಕಿ ತುಂಬ ಲಗೇಜು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಕರ್ ಕರ್ ಅಂತ ಸದ್ದು. ಉಜಿರೆಯಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ಎರಡೂ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಅಂಚಿನ ರಬ್ಬರ್ ಕಿತ್ತು ಬಂದಿತ್ತು. ಅಮ್ಮ, ಮಕ್ಕಳು ಎಲ್ಲರೂ ಗಾಡಿಯಲ್ಲಿದ್ದರು. ಕೈಕಾಲು ತಣ್ಣಗಾಯಿತು. ಅಂಗಡಿಯವರು ಹಾಕಿಕೊಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ತೋರಿಸಿದ್ದರು ನಿಜ. ಖಾಲಿ ಗಾಡಿಯಲ್ಲಿ. ನೀವು ನೋಡುವುದಾದರೆ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಒಂದು ಹಂಪ್ ಹತ್ತಿಸಿ ಇಳಿಸಿ ನೋಡಿ.

17 ಇಂಚೇ ಬೇಕೆಂದರೆ ಲೆಕ್ಕಕ್ಕೆ ಕೂರುವ ಸೈಜು 205/45 ಆರ್17. ಒಟ್ಟು 616, ಅರ್ಧ ಪರ್ಸೆಂಟ್ ಕಡಿಮೆ ಅಷ್ಟೇ. ಆದರೆ ಸೈಜಿನ ಪಕ್ಕದಲ್ಲಿರುವ ಅಂಕಿಯನ್ನೂ ಓದಿ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅದು ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಗುರುತು. 85 ಅಂದರೆ 515 ಕೆ.ಜಿ., 84 ಅಂದರೆ 500, 88 ಅಂದರೆ 560. ನಿಮ್ಮ ಹಳೆಯ ಟೈರಿನಲ್ಲಿ 85 ಇದ್ದು, ಹೊಸ 205/45ರಲ್ಲಿ 84 ಇದ್ದರೆ, ಅಗಲದ ಟೈರ್ ಹಾಕಿಯೂ ತಾಕತ್ತು ಕಡಿಮೆಯಾಯಿತು. ಇದೇ ಸೈಜಿನಲ್ಲಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರಲು ಮಾಡಿದ್ದು) ಎಂದು ಬರೆದ 88 ಸಿಗುತ್ತದೆ, ಅದನ್ನೇ ಕೇಳಿ. ಅದರ ಪಕ್ಕದ ಅಕ್ಷರ ವೇಗದ್ದು. ಟಿ ಅಂದರೆ 190 ಕಿ.ಮೀ., ಎಚ್ ಅಂದರೆ 210. ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗಿನದು ಬೇಡ.

ರಿಮ್ ಕೂಡ ನೋಡಬೇಕು. ಸ್ವಿಫ್ಟ್‌ಗೆ ನಾಲ್ಕು ನಟ್, 100 ಪಿಸಿಡಿ (ನಟ್‌ಗಳು ಕೂರುವ ವೃತ್ತದ ಅಡ್ಡಳತೆ, ಮಿ.ಮೀ.ನಲ್ಲಿ), ನಡುವಿನ ತೂತು 54.1 ಮಿ.ಮೀ. ಹೊರಗಡೆ ಸಿಗುವ ಅಲಾಯ್‌ಗಳಲ್ಲಿ ಈ ತೂತು ಹೆಚ್ಚಾಗಿ ದೊಡ್ಡದಿರುತ್ತದೆ. ಆ ಸಂದು ತುಂಬಲು ಹಬ್ ರಿಂಗ್ ಹಾಕಿಸದಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ನಡುಗಬಹುದು, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಸರಿಹೋಗುವುದಿಲ್ಲ. ರಿಮ್ ಹಿಂಭಾಗದಲ್ಲಿ ಇಟಿ ಅಂತ ಒಂದು ನಂಬರ್ ಕೆತ್ತಿರುತ್ತಾರೆ, ಅದು ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಗಾಡಿಗೆ ಕೂರುವ ಜಾಗ ಎಷ್ಟು ದೂರ ಅನ್ನುವ ಅಳತೆ. ಹಳೆಯ ರಿಮ್ಮಿಗಿಂತ ಈ ನಂಬರ್ ತುಂಬಾ ಕಡಿಮೆಯಿದ್ದರೆ ಚಕ್ರ ಮಡ್‌ಗಾರ್ಡ್ ಆಚೆ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ನಾನು 17 ಬೇಡ ಅಂತಲೇ ಹೇಳುತ್ತೇನೆ. 132 ಮಿ.ಮೀ. ಇದ್ದ ಸೈಡ್‌ವಾಲ್ 92ಕ್ಕೆ ಇಳಿಯುತ್ತದೆ. ಗುಂಡಿಯ ಏಟು ತಡೆಯುವುದು ಆ ರಬ್ಬರ್ ಮತ್ತು ಗಾಳಿ ತಾನೇ? ನನ್ನ ಟೈರಿನಲ್ಲಿ 102 ಇದ್ದರೂ ಸಕಲೇಶಪುರದ ಹತ್ತಿರ ಮಳೆ ನೀರು ತುಂಬಿದ ಒಂದು ಗುಂಡಿಗೆ ರಿಮ್ ಬೆಂಡಾಯಿತು. ದೊಡ್ಡ ಅಲಾಯ್ ಭಾರವೂ ಜಾಸ್ತಿ, ಪಿಕಪ್ ಮಂಕಾಗುತ್ತದೆ, ಮೈಲೇಜೂ ಇಳಿಯುತ್ತದೆ.

ಕಂಪನಿಯವರೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ 185/65 ಆರ್15 ಕೊಡುತ್ತಾರೆ. ಒಟ್ಟು 621.5 ಮಿ.ಮೀ., ನಿಮ್ಮದಕ್ಕೂ ಅದಕ್ಕೂ ಬರೀ 2 ಮಿ.ಮೀ. ವ್ಯತ್ಯಾಸ. ಅದನ್ನೇ ಹಾಕಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಳಿದ್ದಕ್ಕೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ, ಆ ಕಡೆಯಿಂದಲೂ ಕಂಪನಿಯ ಸೈಜೇ ಒಳ್ಳೆಯದು. ಇನ್ನೂ ಒಂದಿಷ್ಟು ದೊಡ್ಡದಾಗಿ ಕಾಣಲೇಬೇಕಿದ್ದರೆ 195/55 ಆರ್16, ಒಟ್ಟು 621, ರಿಮ್ ಅಗಲ 6 ಇಂಚು. ಅದರಾಚೆ ಬೇಡ. ನಾನು ಈಗ 15ರಲ್ಲೇ ಇದ್ದೇನೆ, ಘಾಟಿಯಲ್ಲಿ ನೆಮ್ಮದಿಯಾಗಿ ಇಳಿಯುತ್ತೇನೆ.

ಸ್ಟೆಪ್ನಿ ಹಳೆಯ 14 ಇಂಚಿನದೇ ಇರಲಿ. ಎತ್ತರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಬಹುದು. ಹಳೆಯ ನಟ್‌ಗಳನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಅಲಾಯ್‌ಗೆ ಕೊಡುವ ನಟ್ ಕಬ್ಬಿಣದ ರಿಮ್ಮಿಗೆ ಸರಿಯಾಗಿ ಕೂರದೆ ಹೋಗಬಹುದು.