ಬೋಟು ಗೇಟಲ್ಲ, ತಮ್ಮಾ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮನೆಯಂಗಳದಲ್ಲಿ ಕಬ್ಬಿಣದ ಹಾಯಿ ಬೋಟು

ಕರಾವಳಿಯ ಒಂದು ಯಾರ್ಡಿನಲ್ಲಿ ಅರ್ಧ ಆಯುಷ್ಯ ವೆಲ್ಡಿಂಗ್ ತಪಾಸಣೆ ಮಾಡಿ ಬೆಳಗಾವಿಗೆ ವಾಪಸ್ ಬಂದವನು ನಾನು. ಇಲ್ಲಿ ಯಾರಿಗೂ ಬೋಟಿನ ಚಿಂತೆ ಇರಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಉದ್ಯಮಬಾಗದ ಶೆಡ್ಡಿನಲ್ಲಿ, ಖಾನಾಪುರದ ಹಿತ್ತಲಿನಲ್ಲಿ, ಬಾಗಲಕೋಟೆಯ ಹೊಲದ ಬದುವಿನಲ್ಲಿ ಎಲ್ಲರಿಗೂ ಕಬ್ಬಿಣದ ಬೋಟು ಕಟ್ಟುವ ಆಸೆ. ಆಸೆಗೆ ನನ್ನ ತಕರಾರಿಲ್ಲ. ಬಂದ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವಲ್ಲ, ಅದಕ್ಕೆ ತಕರಾರಿದೆ. ಹೋಲ್ಡರ್ ಹಿಡಿಯುವುದು, ಗ್ರೈಂಡರ್ ಚಕ್ರ ಬದಲಿಸುವುದು ನಿಮಗೆ ಗೊತ್ತು ಅಂತ ತಿಳಿದೇ ಬರೆಯುತ್ತಿದ್ದೇನೆ. ಗೊತ್ತಿಲ್ಲದಿದ್ದರೆ ಮೊದಲು ಒಂದು ವರ್ಷ ಯಾರದಾದರೂ ಶಾಪಿನಲ್ಲಿ ಕೆಲಸ ಮಾಡಿ ಬನ್ನಿ.

*ಪ್ರಶ್ನೆ: ನಾವು ಖಾನಾಪುರ ತಾಲ್ಲೂಕಿನ ಅಣ್ಣತಮ್ಮಂದಿರು. ಹದಿನೈದು ವರ್ಷದಿಂದ ಗೇಟು, ಗ್ರಿಲ್, ಟ್ರಾಲಿ ಮಾಡುತ್ತೇವೆ. 38 ಅಡಿಯ ಹಾಯಿ ಬೋಟು ಶುರು ಮಾಡಿದ್ದೇವೆ. ಫ್ರೇಮ್ ನಿಂತಿದೆ. ಎಡಗಡೆಗೆ 4 ಎಂಎಂ ಪ್ಲೇಟ್ ಹಾಕಿ ಪೂರ್ತಿ ವೆಲ್ಡ್ ಮಾಡಿದೆವು. ಈಗ ಪ್ಲೇಟ್ ಹಪ್ಪಳದ ಹಾಗೆ ಅಲೆ ಅಲೆ ಆಗಿದೆ. ಕೆಂಪಗೆ ಕಾಯಿಸಿ ನೀರು ಹೊಡೆಯಿರಿ ಅಂತ ಒಬ್ಬ ಮೇಸ್ತ್ರಿ, ಪುಟ್ಟಿ ಬಳಿಯಿರಿ ಅಂತ ಇನ್ನೊಬ್ಬರು. ಏನು ಮಾಡೋಣ ಸರ್?*

ಮೊದಲು ಕೈ ಕಟ್ಟಿಕೊಂಡು ಕೂತುಕೊಳ್ಳಿ. ಬಲಗಡೆ ಒಂದು ಟ್ಯಾಕ್, ಅಂದರೆ ಪ್ಲೇಟ್ ನಿಲ್ಲಿಸುವ ಚುಕ್ಕೆ ವೆಲ್ಡ್ ಕೂಡ, ಹೊಡೆಯಬೇಡಿ.

ನಿಮ್ಮ ಕೈ ಕೆಟ್ಟದ್ದಲ್ಲ. ಫೋಟೊದಲ್ಲಿ ಬೀಡ್ (ವೆಲ್ಡಿನ ಗೆರೆ) ನೋಡಿದೆ, ಚೆಂದ ಇದೆ. ಆದರೆ ಅದು ಗೇಟಿನ ವೆಲ್ಡಿಂಗ್. ಗೇಟಿಗೆ ದಪ್ಪ ಪೈಪು, ಗಿಡ್ಡ ಜೋಡಣೆ. ಎಷ್ಟು ಬಿಸಿ ಕೊಟ್ಟರೂ ತಡೆದುಕೊಳ್ಳುತ್ತದೆ. 4 ಎಂಎಂ ಪ್ಲೇಟ್ ಹಾಗಲ್ಲ. ಕಬ್ಬಿಣ ಕರಗುವುದು ಸುಮಾರು 1500 ಡಿಗ್ರಿಯಲ್ಲಿ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಸುತ್ತಲಿನ ಪ್ಲೇಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ನೀವು ಒಂದೊಂದು ಫ್ರೇಮಿಗೂ ಎರಡೂ ಬದಿಯಿಂದ, ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಿದ್ದೀರಿ. ಪ್ರತಿ ಫ್ರೇಮೂ ಪ್ಲೇಟನ್ನು ಒಳಗೆ ಎಳೆದುಕೊಂಡಿದೆ. ಅದಕ್ಕೇ ಬಡಕಲು ಎಮ್ಮೆಯ ಪಕ್ಕೆಲುಬಿನ ಹಾಗೆ ಕಾಣುತ್ತಿದೆ. ಇಷ್ಟು ವೆಲ್ಡ್ ಬೇಕಾಗಿರಲೇ ಇಲ್ಲ. ನೀರು ತಡೆಯುವುದು ಪ್ಲೇಟ್ ಪ್ಲೇಟ್ ಸೇರುವ ಸಂದು. ಫ್ರೇಮ್ ಸುಮ್ನೆ ಆಸರೆ. ಅದಕ್ಕೆ 50 ಎಂಎಂ ವೆಲ್ಡ್, 150 ಎಂಎಂ ಖಾಲಿ, ಮತ್ತೆ 50 ಸಾಕು. ಎಷ್ಟೋ ಬೋಟುಗಳಲ್ಲಿ ಫ್ರೇಮು ಉದ್ದ ಪಟ್ಟಿಗಳಿಗೆ ಮಾತ್ರ ಅಂಟಿರುತ್ತದೆ, ಪ್ಲೇಟನ್ನು ಮುಟ್ಟುವುದೇ ಇಲ್ಲ. ನಿಮ್ಮ ಡ್ರಾಯಿಂಗ್‌ನಲ್ಲಿ ಏನಿದೆ ನೋಡಿ. ಡ್ರಾಯಿಂಗ್ ಇದೆ ತಾನೇ?

ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಉಬ್ಬಿದ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಚುಕ್ಕೆ ಕಾಯಿಸಿ, ಒದ್ದೆ ಬಟ್ಟೆಯಿಂದ ಆರಿಸಿ ಪ್ಲೇಟ್ ಎಳೆಯುವ ವಿದ್ಯೆ ಯಾರ್ಡ್‌ಗಳಲ್ಲಿದೆ. ಅದು ಪಳಗಿದ ಕೈಗೆ. ಇಡೀ ಪ್ಲೇಟ್ ಕಾಯಿಸಿ ಬಕೆಟ್‌ನಿಂದ ನೀರು ಸುರಿಯುವುದು ವಿದ್ಯೆಯಲ್ಲ, ಜಾತ್ರೆ. ಇವತ್ತು ಒಂದು ಉಬ್ಬು ಹೋಗಿ ನಾಳೆ ಪಕ್ಕದಲ್ಲಿ ಎರಡು ಎದ್ದಿರುತ್ತವೆ. ಇನ್ನು ಪುಟ್ಟಿ! ಬೆರಳು ದಪ್ಪ ಪುಟ್ಟಿ ಬಿರುಕು ಬಿಡುತ್ತದೆ, ಕೆಳಗಿನ ತುಕ್ಕು ಮುಚ್ಚಿಡುತ್ತದೆ. ಹೇಳಿದವರು ಕಾರಿನ ಡೆಂಟ್ ತೆಗೆಯುವವರು ಇರಬೇಕು.

ನೀವು ಮಾಡಬೇಕಾದ್ದು ಬೇಸರದ ಕೆಲಸ. ಗ್ರೈಂಡರ್ ಹಿಡಿದು ಫ್ರೇಮು ಪ್ಲೇಟು ಸೇರುವ ವೆಲ್ಡ್‌ಗಳನ್ನು ಕತ್ತರಿಸಿ ಬಿಡಿಸಿ. ಪ್ಲೇಟ್ ಕೊಯ್ಯಬೇಡಿ, ವೆಲ್ಡ್ ಮಾತ್ರ. ಬಿಟ್ಟ ತಕ್ಷಣ ಒಂದಷ್ಟು ಅಲೆ ತಾನೇ ಇಳಿಯುತ್ತದೆ. ಉಳಿದದ್ದನ್ನು ಎರಡು ದಿನ ನೋಡಿ. ಇಳಿಯದ ಪ್ಲೇಟನ್ನು ಕಿತ್ತು ಬೇರೆ ಹಾಕಿ. 4 ಎಂಎಂ ಪ್ಲೇಟ್ ಒಂದು ಚದರ ಮೀಟರಿಗೆ 31 ಕೆಜಿ ಚಿಲ್ಲರೆ. ದುಡ್ಡು ಹೋಗುತ್ತದೆ, ನಿಜ. ಹೋಗಲಿ.

ಮುಂದಿನ ಸಲ ಕ್ರಮ ಹೀಗಿರಲಿ. ಎರಡೂ ಕಡೆಯ ಎಲ್ಲ ಪ್ಲೇಟ್‌ಗಳನ್ನೂ ಬರೀ ಟ್ಯಾಕ್ ಮೇಲೆ ನಿಲ್ಲಿಸಿ, ಗೇಣಿಗೊಂದು ಟ್ಯಾಕ್. ಇಡೀ ಬೋಟಿಗೆ ಚರ್ಮ ಬರುವವರೆಗೆ ಒಂದು ಸಂದೂ ಪೂರ್ತಿ ಮಾಡಬೇಡಿ. ಆಮೇಲೆ ಮೊದಲು ನಿಂತ ಸಂದುಗಳು, ನಂತರ ಉದ್ದ ಸಂದುಗಳು. ಉದ್ದ ಸಂದನ್ನು ಬೋಟಿನ ನಡುವಿನಿಂದ ಶುರು ಮಾಡಿ ತುದಿಗಳ ಕಡೆ ಹೋಗಿ. ಆದರೆ ರಾಡ್ ಮಾತ್ರ ಹಿಂದಕ್ಕೆ ಓಡಬೇಕು. ನಾಲ್ಕು ಬೆರಳಿನಷ್ಟು ಜಾಗ ಮುಂದೆ ಹೋಗಿ ಹಚ್ಚಿ, ಹಿಂದಿನ ವೆಲ್ಡ್‌ಗೆ ಬಂದು ಮುಟ್ಟಿಸಿ. ಮತ್ತೆ ಮುಂದೆ ಹೋಗಿ, ಮತ್ತೆ ಹಿಂದೆ ಬನ್ನಿ. ಎಡಗಡೆ ಒಂದು ಗೇಣು ಆದರೆ ಬಲಗಡೆ ಅದೇ ಜಾಗದಲ್ಲಿ ಒಂದು ಗೇಣು. ಇಬ್ಬರಿದ್ದೀರಲ್ಲ, ಎದುರುಬದುರು ನಿಂತು ಮಾಡಿ. ಅಂಗೈ ಇಟ್ಟರೆ ಸುಡದಷ್ಟು ಆರುವವರೆಗೆ ಅಲ್ಲಿಗೆ ವಾಪಸ್ ಹೋಗಬೇಡಿ. ಕಾವಲಿ ಮೇಲಿನ ರೊಟ್ಟಿಯನ್ನು ಅವ್ವ ಒಂದೇ ಕಡೆ ಬೇಯಿಸುತ್ತಾ ಕೂರುತ್ತಾಳಾ? ತಿರುಗಿಸುತ್ತಲೇ ಇರುತ್ತಾಳೆ.

3.15 ಎಂಎಂ ರಾಡ್ ಬಿಟ್ಟು 2.5 ಹಿಡಿಯಿರಿ, ಆಂಪಿಯರ್ ಇಳಿಸಿ. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಯಿಂದ ವೆಲ್ಡಿನ ಬೇರು, ಅಂದರೆ ಅದರ ತಳ, ಗ್ರೈಂಡ್ ಮಾಡಿ. ಸ್ಲ್ಯಾಗ್‌ನ (ರಾಡಿನ ಲೇಪ ಕರಗಿ ಉಳಿದ ಕಿಟ್ಟದ) ಕಪ್ಪು ಗೆರೆ ಹೋಗಿ ಲೋಹ ಹೊಳೆಯಬೇಕು. ಆಮೇಲೆ ಆ ಬದಿ ತುಂಬಿ. ಹದಿನೈದು ವರ್ಷ ಗೇಟು ಮಾಡಿದವರು ಬಿಡುವ ಹೆಜ್ಜೆ ಇದೇ, ಯಾಕಂದರೆ ಗೇಟಿನ ಹಿಂದೆ ಯಾರು ನೋಡುತ್ತಾರೆ?

ನನ್ನದೂ ಒಂದು ಕಥೆ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ನನ್ನ ಕೈ ಎಷ್ಟು ಜೋರು ಅಂತ ತೋರಿಸಲು, ಊಟದ ಗಂಟೆಯೊಳಗೆ ಒಂದು ಸಂದನ್ನು ಈ ತುದಿಯಿಂದ ಆ ತುದಿಗೆ ಒಂದೇ ಬೀಸಿಗೆ ಮುಗಿಸಿದ್ದೆ. ಸೂಪರ್‌ವೈಸರ್ ಬಂದು ಪ್ಲೇಟ್ ಮೇಲೆ ಅಂಗೈ ಸವರಿದರು. ಏನೂ ಅನ್ನಲಿಲ್ಲ. ಗ್ರೈಂಡರ್ ತಂದು ನನ್ನ ಕೈಗೆ ಕೊಟ್ಟು ಹೋದರು. ಕಟ್ ಮಾಡಿ ಮುಗಿಸಲು ಎರಡು ದಿನ ಹಿಡಿಯಿತು.

ಇನ್ನೊಂದು ಮಾತು, ನೀವು ಕೇಳದೇ ಇದ್ದದ್ದು. ಬೋಟಿನ ಒಳಗೆ ಕೆಲಸ ಮಾಡುವಾಗ ಹೊರಗೆ ಒಬ್ಬರು ಇರಲೇಬೇಕು. ಒಳಗೆ ಸುತ್ತ ಕಬ್ಬಿಣ, ಮೈಯೆಲ್ಲಾ ಬೆವರು, ಕೈಯಲ್ಲಿ ಕರೆಂಟು. ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಮಷೀನ್ ಅಲ್ಲಿ ಬೇಡ, ಡಿಸಿ ಇನ್ವರ್ಟರ್ ತನ್ನಿ. ಗ್ಯಾಸ್ ಬಳಸುವ ಮಷೀನ್ ಆದರೆ ಇನ್ನೂ ಜೋಪಾನ. ಆರ್ಗಾನ್, ಕಾರ್ಬನ್ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತವೆ, ಆರ್ಗಾನ್‌ಗಂತೂ ವಾಸನೆಯೂ ಇಲ್ಲ. ಬಗ್ಗಿದವನು ಏಳುವುದಿಲ್ಲ. ಗಾಳಿಗೆ ಅಂತ ಆಕ್ಸಿಜನ್ ಬಿಡುವ ಮಹಾನುಭಾವರೂ ಇದ್ದಾರೆ. ಒಂದು ಕಿಡಿಗೆ ಮೈಮೇಲಿನ ಬಟ್ಟೆ ಭಗ್ ಅನ್ನುತ್ತದೆ. ಫ್ಯಾನ್ ಇಡಿ. ನಾನು ಪುಕ್ಕಲ ಅಂತ ಬೇಕಾದರೆ ಅನ್ನಿ.

*ಪ್ರಶ್ನೆ: ಸಣ್ಣ ತೂತುಗಳಿಗೆ ಎಂ-ಸೀಲ್ ನಡೆಯುತ್ತಾ?*

ನಲ್ಲಿಗೆ ನಡೆಯುತ್ತದೆ. ಬೋಟಿನ ಸಂದಿಗೆ ಒಂದು ಬದಿ ಸುಣ್ಣ ತೆಳ್ಳಗೆ ಬಳಿದು ಒಣಗಿಸಿ, ಇನ್ನೊಂದು ಬದಿ ಸೀಮೆಎಣ್ಣೆ ಹಚ್ಚಿ. ಅದು ಸಿಗದಿದ್ದರೆ ಡೀಸೆಲ್. ತೂತಿದ್ದ ಕಡೆ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಅಲ್ಲಿ ಎಣ್ಣೆ ಪೂರ್ತಿ ಒರೆಸಿ, ಗ್ರೈಂಡ್ ಮಾಡಿ ಮತ್ತೆ ವೆಲ್ಡ್.

*ಪ್ರಶ್ನೆ: ವೆಲ್ಡಿಂಗ್ ಹೊಡೆತಕ್ಕೆ ಕಣ್ಣು ಉರಿದರೆ ಆಲೂಗಡ್ಡೆ ಒಳ್ಳೆಯದಾ, ಎದೆಹಾಲಾ? ಹೊಗೆಗೆ ಬೆಲ್ಲ ಎಷ್ಟು ತಿನ್ನಬೇಕು?*

ಇದನ್ನು ಕೇಳಿದವರು ಒಬ್ಬಿಬ್ಬರಲ್ಲ, ಅದಕ್ಕೇ ಸಿಟ್ಟು. ಕಣ್ಣಿನ ಮೇಲ್ಪದರ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸುಟ್ಟಿರುತ್ತದೆ. ಉರಿ ಶುರುವಾಗುವುದು ಕೆಲವು ಗಂಟೆ ಬಿಟ್ಟು, ಹೆಚ್ಚಾಗಿ ರಾತ್ರಿ. ಅದರ ಮೇಲೆ ಹಸಿ ಆಲೂಗಡ್ಡೆ ಉಜ್ಜಿದರೆ ಸೋಂಕು ಉಚಿತ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಂಗಡಿಯಿಂದ ಮರಗಟ್ಟಿಸುವ ಹನಿ ತಂದು ದಿನಾ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಎರಡೂ ಭೇಟಿಯಾಗುವುದಿಲ್ಲ. ಜಿ.ಐ. ಪೈಪ್ ವೆಲ್ಡ್ ಮಾಡಿ ರಾತ್ರಿ ಚಳಿಜ್ವರ ಬಂದರೆ ಅದು ಸತುವಿನ ಹೊಗೆಯ ಕೆಲಸ, ಹಾಲು ಕುಡಿದರೆ ಅದು ತಪ್ಪುವುದಿಲ್ಲ. ಮಾಸ್ಕ್ ಹಾಕಿ, ಸತುವಿನ ಲೇಪ ಮೊದಲೇ ತೆಗೆಯಿರಿ.

*ಪ್ರಶ್ನೆ: ಬಾಗಲಕೋಟೆಯಿಂದ. ಆಲಮಟ್ಟಿ ಹಿನ್ನೀರಿನಲ್ಲಿ ಇಡುತ್ತೇವೆ. ಸಿಹಿನೀರಿಗೆ ತುಕ್ಕು ಹಿಡಿಯಲ್ಲ ಅಲ್ವಾ?*

ನಿಮ್ಮ ಮನೆ ಬೋರಿನ ಪೈಪು ನೋಡಿ ಬನ್ನಿ. ಸಮುದ್ರಕ್ಕಿಂತ ನಿಧಾನ, ಅಷ್ಟೇ. ಕಬ್ಬಿಣದ ಬೋಟು ಹೆಚ್ಚಾಗಿ ಸಾಯುವುದು ಒಳಗಿನಿಂದ, ಫ್ರೇಮಿನ ಮೂಲೆಯಲ್ಲಿ ನಿಂತ ನೀರಿನಿಂದ. ಪ್ರತಿ ಫ್ರೇಮಿನ ಬುಡದಲ್ಲಿ ನೀರು ಹರಿಯಲು ತೂತು ಬಿಡಿ. ಬಣ್ಣಕ್ಕೆ ಮೊದಲು ಪ್ಲೇಟಿನ ನೀಲಿ ಪೊರೆ ಬ್ಲಾಸ್ಟಿಂಗ್‌ನಲ್ಲಿ (ಗಾಳಿಯ ರಭಸದಲ್ಲಿ ಗಟ್ಟಿ ಹರಳು ಹೊಡೆದು) ಹೋಗಲೇಬೇಕು, ಮೇಲೆ ಇಪಾಕ್ಸಿ. ಬರೀ ರೆಡ್ ಆಕ್ಸೈಡ್ ಕಿಟಕಿಗೆ ಇಟ್ಟುಕೊಳ್ಳಿ. ಬೋಟಿನ ಬದಲು ತುಕ್ಕಿಗೆ ತಿನ್ನಿಸಲು ಮೈಗೆ ಕೂರಿಸುವ ಲೋಹದ ಗಟ್ಟಿ (ಆನೋಡ್) ಸಮುದ್ರದಲ್ಲಿ ಸತುವಿನದು, ಸಿಹಿನೀರಿನಲ್ಲಿ ಮೆಗ್ನೀಸಿಯಂನದು.

*ಪ್ರಶ್ನೆ: ನಮ್ಮ ಖಾನಾಪುರದ ನದಿ ಹೆಸರಿನ ಮ್ಹಾದೇಯಿ ಬೋಟೂ ಕಬ್ಬಿಣದ್ದೇ ಅಲ್ವಾ?*

ಅಲ್ಲ. 56 ಅಡಿಯ ಆ ನೌಕಾಪಡೆಯ ಬೋಟು ಗೋವಾದಲ್ಲಿ ಮರ ಮತ್ತು ಫೈಬರ್‌ಗ್ಲಾಸ್‌ನಲ್ಲಿ ಕಟ್ಟಿದ್ದು. 2012-13ರಲ್ಲಿ ಅಭಿಲಾಷ್ ಟಾಮಿ ಒಬ್ಬರೇ ಎಲ್ಲೂ ನಿಲ್ಲಿಸದೆ ಜಗತ್ತು ಸುತ್ತಿದ್ದು ಅದರಲ್ಲೇ. ಕಬ್ಬಿಣದ ಉದಾಹರಣೆ ಬೇಕಾದರೆ ಫ್ರಾನ್ಸಿನ ನಾವಿಕ ಬರ್ನಾರ್ ಮ್ವಾಟೆಸ್ಯೆ ಅವರ 'ಜೋಶುವಾ' ಇದೆ. ಅದನ್ನು ಕಟ್ಟಿದ್ದು ಸಮುದ್ರದಿಂದ ದೂರ, ಒಳನಾಡಿನ ಒಂದು ಬಾಯ್ಲರ್ ಕೆಲಸದ ಕಾರ್ಖಾನೆಯಲ್ಲಿ. ಸಮುದ್ರ ಇಲ್ಲದ ಊರಿನಲ್ಲಿ ಇದೆಲ್ಲ ಹುಚ್ಚು ಅಲ್ವಾ ಅಂತ ಕೇಳಿದ ಮೂವರಿಗೂ ಇದೇ ಉತ್ತರ.

*ಪ್ರಶ್ನೆ: ಸ್ಟೇನ್‌ಲೆಸ್‌ನಲ್ಲಿ ಕಟ್ಟಿದರೆ?*

ಬೇಡ.

*ಪ್ರಶ್ನೆ: ಮಳೆಗಾಲದಲ್ಲಿ ಕೆಲಸ ನಿಲ್ಲಿಸಬೇಕಾ?*

ಬೆಳಗಾವಿಯ ಜುಲೈ ಗೊತ್ತಲ್ಲ. ತಗಡಿನ ಕೆಳಗಿದ್ದರೆ ಮಾಡಿ. 7018 ಅನ್ನುವ ನಮೂನೆಯ ವೆಲ್ಡಿಂಗ್ ರಾಡ್ ತೇವ ಕುಡಿದಿದ್ದರೆ ವೆಲ್ಡ್ ಒಳಗೆ ಬಿರುಕು ಬಿಡುತ್ತದೆ. 300 ಡಿಗ್ರಿಯ ಮೇಲೆ ಒಲೆಯಲ್ಲಿ ಒಣಗಿಸಬೇಕು. ಬಿಸಿಲಿಗೆ ಹಪ್ಪಳದ ಪಕ್ಕ ಇಟ್ಟರೆ ಆಗಲ್ಲ.

*ಪ್ರಶ್ನೆ: ಟಿಳಕವಾಡಿಯಿಂದ. ಬೋಟಿನ ಮೈ ಮುಗಿಯಿತು. ಗೋವಾಕ್ಕೆ ಒಯ್ಯುವುದು ಹೇಗೆ?*

ಇದನ್ನು ಮೊದಲನೇ ದಿನ ಕೇಳಬೇಕಿತ್ತು. ರಸ್ತೆಯಲ್ಲಿ ಮಾಮೂಲಿ ಗಾಡಿಗೆ ಅಗಲ 2.6 ಮೀಟರ್ ಮಿತಿ. ನಿಮ್ಮ ಬೋಟು 12 ಅಡಿ, ಅಂದರೆ 3.6 ಮೀಟರ್ ದಾಟುತ್ತದೆ. ವಿಶೇಷ ಪರವಾನಗಿ, ತಗ್ಗು ಟ್ರೇಲರ್, ಎರಡು ಕಡೆ ಕ್ರೇನ್ ಬೇಕು. ಚೋರ್ಲಾ ಘಾಟ್ ಹತ್ತಿರ ಅಂತ ಆ ದಾರಿ ಹಿಡಿಯಬೇಡಿ, ಆ ತಿರುವುಗಳಲ್ಲಿ ಬೋಟು ತಿರುಗಲ್ಲ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟ್ ಮೂಲಕ ಅಂಕೋಲಾಕ್ಕೆ ಇಳಿಸಿ. ಸುತ್ತು, ಆದರೆ ದೊಡ್ಡ ಲಾರಿ ಓಡಾಡುವ ದಾರಿ. ಮೊದಲೊಮ್ಮೆ ಕಾರಿನಲ್ಲಿ ಹೋಗಿ ಪ್ರತಿ ವೈರು, ಪ್ರತಿ ಸೇತುವೆಯ ಎತ್ತರ ಬರೆದುಕೊಳ್ಳಿ.

ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇದೆ. ಕಾಂಪೌಂಡಿನ ಗೇಟು ಹತ್ತು ಅಡಿ, ಗೋಡೆ ಮಾವನವರದು. ಅದಕ್ಕೆ ವೆಲ್ಡಿಂಗ್‌ನಲ್ಲಿ ಉತ್ತರ ಇಲ್ಲ. ಸಂಜೆ ಒಳ್ಳೆಯ ಕುಂದಾ ಒಂದು ಕೆಜಿ ತೆಗೆದುಕೊಂಡು ಹೋಗಿ ಅವರನ್ನೇ ಕೇಳಿ.